ಡೀಸೆಲ್ ಬಿಟ್ಟು ಕರೆಂಟ್ ಕಾರು ತಗೊಳ್ಳಬಹುದಾ?

ಪ್ರಶ್ನೆ: ನಮ್ಮ ಡೀಸೆಲ್ ಕಾರು ಹಳೆಯದಾಯಿತು. ಆಫೀಸಿಗೆ ಹೋಗಿಬರಲು ದಿನಾ 40 ಕಿ.ಮೀ. ಆಗುತ್ತದೆ, ಆಗಾಗ ದೂರದ ಪ್ರಯಾಣವೂ ಇರುತ್ತದೆ. ಎಲೆಕ್ಟ್ರಿಕ್ ಕಾರು ದಾರಿ ಮಧ್ಯೆ ನಿಂತುಬಿಟ್ಟರೆ? ಬ್ಯಾಟರಿ ಬೇಗ ಹಾಳಾದರೆ?

ಉತ್ತರ: ಮೊದಲು ಇದನ್ನು ನೋಡಿ, ರಾತ್ರಿ ಕಾರು ನಿಲ್ಲಿಸುವ ಜಾಗದಲ್ಲಿ ನಿಮ್ಮದೇ ಪ್ಲಗ್ ಇದೆಯಾ? ಇದ್ದರೆ ಅರ್ಧ ಚಿಂತೆ ಮುಗಿಯಿತು. 40 ಕಿ.ಮೀ.ಗೆ ಸುಮಾರು 6ರಿಂದ 8 ಯೂನಿಟ್ ಕರೆಂಟ್ ಸಾಕು, ನೀವು ಮಲಗಿ ಏಳುವಷ್ಟರಲ್ಲಿ ಅಷ್ಟು ತುಂಬಿರುತ್ತದೆ. ಪ್ಲಗ್ ಇಲ್ಲ ಅಂದರೆ ಕಥೆಯೇ ಬೇರೆ. ಪ್ರತಿ ಸಲ ಹೊರಗೆ ಚಾರ್ಜರ್ ಹುಡುಕಿಕೊಂಡು ಹೋಗಿ, ಅಲ್ಲಿ ಯಾರೋ ಮೊದಲೇ ನಿಂತಿದ್ದರೆ ಕಾದು, ಮನೆಗಿಂತ ಜಾಸ್ತಿ ದರ ಕೊಟ್ಟು ಬರುವುದು ಸುಮ್ನೆ ತಲೆನೋವು ಅಲ್ವಾ? ಆಗ ಹೈಬ್ರಿಡ್ (ಎಂಜಿನ್, ಬ್ಯಾಟರಿ ಎರಡೂ ಇರುವ ಕಾರು) ನೋಡಿ ಅನ್ನುತ್ತೇನೆ.

ದೂರ ಹೋಗುವಾಗ ಕಂಪನಿ ಹೇಳಿದ ರೇಂಜ್ (ಒಂದು ಸಲ ಚಾರ್ಜ್ ಮಾಡಿದರೆ ಓಡುವ ದೂರ) ಪೂರ್ತಿ ಸಿಗುತ್ತದೆ ಅಂತ ನಂಬಬೇಡಿ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದರೆ, ಚಳಿಯಲ್ಲಿ ಹೀಟರ್ ಹಾಕಿದರೆ ಅದು ಇಳಿಯುತ್ತದೆ. ಇನ್ನೊಂದು, ಫಾಸ್ಟ್ ಚಾರ್ಜರ್ ಶೇ. 80ರ ತನಕ ಬೇಗ ತುಂಬಿಸುತ್ತದೆ, ಆಮೇಲೆ ಆಮೆ ನಡಿಗೆ. 80 ಆದ ಕೂಡಲೇ ಹೊರಡಿ.

ಬ್ಯಾಟರಿ ಒಂದೇ ದಿನ ಕೈಕೊಡುವುದು ಅಪರೂಪ, ವರ್ಷಗಳಲ್ಲಿ ನಿಧಾನವಾಗಿ ಕುಗ್ಗುತ್ತದೆ. ಎಷ್ಟೋ ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಮಾತ್ರ ಬ್ಯಾಟರಿಯ ಆರೋಗ್ಯದ ವರದಿ ಕೇಳಿ, ಕೊಡದಿದ್ದರೆ ಆ ಕಾರು ಬೇಡ.