ಪ್ರಭಾಸ್ವರ ಚಿತ್ತವೆಂದರೆ ಆತ್ಮವೇ?

ಪ್ರಶ್ನೆ: ಮನಸ್ಸು ಸ್ವಭಾವದಿಂದಲೇ ಬೆಳಗುವಂಥದ್ದು ಎಂದು ಬುದ್ಧ ಹೇಳಿರುವುದಾಗಿ ಓದಿದೆ. ಆತ್ಮವನ್ನು ಒಪ್ಪದವನ ಬಾಯಲ್ಲಿ ಈ ಮಾತೇ? ಇದು ಉಪನಿಷತ್ತು ಹೇಳುವ, ತಾನೇ ಬೆಳಗುವ ಆತ್ಮ, ಸ್ವಯಂಜ್ಯೋತಿಯೇ ಅಲ್ಲವೇ?

ಉತ್ತರ: ನೀವು ಓದಿರುವ ಮಾತು ಪಾಲಿ ಭಾಷೆಯ ಬುದ್ಧವಚನ ಸಂಗ್ರಹಗಳಲ್ಲಿ ಒಂದಾದ ಅಂಗುತ್ತರ ನಿಕಾಯದ ಏಕಕ ನಿಪಾತ, ಅಂದರೆ ಒಂದರ ಭಾಗದ್ದು. ‘ಭಿಕ್ಷುಗಳೇ, ಈ ಚಿತ್ತ ಪ್ರಭಾಸ್ವರವಾದದ್ದು, ಆದರೆ ಆಗಂತುಕವಾದ ಉಪಕ್ಲೇಶಗಳಿಂದ ಮಲಿನಗೊಂಡಿದೆ’ ಎಂಬುದು ಅದರ ತಾತ್ಪರ್ಯ. ಪ್ರಭಾಸ್ವರವೆಂದರೆ ಬೆಳಗುವಂಥದ್ದು, ಉಪಕ್ಲೇಶವೆಂದರೆ ಮನಸ್ಸಿನ ಕೊಳೆ. ‘ಸ್ವಭಾವದಿಂದಲೇ’ ಎಂಬ ಪದ ಅಲ್ಲಿಲ್ಲ. ಅದು ಮುಂದಿನ ಗ್ರಂಥಗಳಲ್ಲಿ ಸೇರಿಕೊಂಡದ್ದು.

ಓದುವವರ ಕಣ್ಣು ‘ಪ್ರಭಾಸ್ವರ’ದ ಮೇಲೆ ನಿಂತುಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಆ ವಾಕ್ಯದ ಜೀವವಿರುವುದು ‘ಆಗಂತುಕ’ದಲ್ಲಿ. ಆಗಂತುಕ ಎಂದರೆ ಹೊರಗಿನಿಂದ ಬಂದವನು, ಮನೆಯವನಲ್ಲ. ಕನ್ನಡದಲ್ಲಿ ನಾವು ಕೋಪ ‘ಬಂತು’ ಎನ್ನುತ್ತೇವಲ್ಲ, ಹಾಗೆ. ಬಂದದ್ದಕ್ಕೆ ಹೋಗುವ ದಾರಿಯೂ ಇದೆ. ಇದನ್ನು ಇದ್ದಂತೆ ಅರಿಯದವನಿಗೆ ಚಿತ್ತಭಾವನೆ, ಅಂದರೆ ಮನಸ್ಸಿನ ಸಾಧನೆ, ಇಲ್ಲವೆಂದು ಅಲ್ಲಿಯೇ ಹೇಳಿದೆ.

ಇನ್ನು ಬೆಳಕಿನ ವಿಷಯ. ಅದೇ ನಿಕಾಯದ ಪಂಚಕ ನಿಪಾತದಲ್ಲಿ, ಅಂದರೆ ಐದರ ಭಾಗದಲ್ಲಿ, ಇದೇ ಪದವನ್ನು ಚಿನ್ನಕ್ಕೆ ಬಳಸಿದ್ದಾರೆ. ಕಬ್ಬಿಣ, ತಾಮ್ರ, ತವರ, ಸೀಸ, ಬೆಳ್ಳಿ ಬೆರೆತ ಚಿನ್ನ ಮೃದುವಲ್ಲ, ಪ್ರಭಾಸ್ವರವೂ ಅಲ್ಲ, ಕೆಲಸಕ್ಕೆ ಬಗ್ಗುವುದಿಲ್ಲ. ಕಲಬೆರಕೆ ಕಳೆದರೆ ಅಕ್ಕಸಾಲಿಗ ಅದರಲ್ಲಿ ಉಂಗುರ, ಓಲೆ, ಸರ ಏನನ್ನಾದರೂ ಮಾಡಬಲ್ಲ. ಮನಸ್ಸಿಗೆ ಬೆರೆಯುವ ಐದು ಕಲಬೆರಕೆಗಳು ಕಾಮ, ದ್ವೇಷ, ಜಡತೆ, ಕಳವಳ, ಸಂಶಯ. ಹೀಗಾಗಿ ಇಲ್ಲಿ ಪ್ರಭಾಸ್ವರವೆಂದರೆ ಒಳಗೆಲ್ಲೋ ಉರಿಯುವ ನಂದಾದೀಪವಲ್ಲ. ಹದಕ್ಕೆ ಬಂದ ಮನಸ್ಸು.

ಮುಂದೆ ಅಭಿಪ್ರಾಯಗಳು ಒಡೆದವು. ಪಾಲಿ ಗ್ರಂಥಗಳನ್ನು ಅನುಸರಿಸುವ ಥೇರವಾದ ಪಂಥದ ಅಟ್ಠಕಥೆ, ಅಂದರೆ ವ್ಯಾಖ್ಯಾನ, ಇದನ್ನು ಭವಂಗಚಿತ್ತವೆಂದಿತು, ಎಂದರೆ ಆಲೋಚನೆಗಳ ನಡುವೆ ತಳದಲ್ಲಿ ಹರಿಯುವ ಚಿತ್ತ. ಅದಾದರೂ ಕ್ಷಣಕ್ಷಣಕ್ಕೂ ಹುಟ್ಟಿ ಅಳಿಯುವಂಥದ್ದೇ. ಹಳೆಯ ಬೌದ್ಧ ಪಂಥಗಳಲ್ಲಿ ಮಹಾಸಾಂಘಿಕರು ಚಿತ್ತ ಸ್ವಭಾವಶುದ್ಧವೆಂದರು, ಸರ್ವಾಸ್ತಿವಾದಿಗಳು ಒಪ್ಪಲಿಲ್ಲ. ಮಹಾಯಾನದ ಅಷ್ಟಸಾಹಸ್ರಿಕಾ ಪ್ರಜ್ಞಾಪಾರಮಿತಾ ಸೂತ್ರ ಚಿತ್ತದ ಪ್ರಕೃತಿ ಪ್ರಭಾಸ್ವರ ಎನ್ನುವಲ್ಲೇ ಆ ಚಿತ್ತ ‘ಅಚಿತ್ತ’, ಅಂದರೆ ಚಿತ್ತವೇ ಅಲ್ಲ, ಎಂದೂ ಹೇಳುತ್ತದೆ. ಹಿಡಿದುಕೊಳ್ಳಲು ಅಲ್ಲಿ ಏನೂ ಉಳಿಯುವುದಿಲ್ಲ.

ಎಲ್ಲರ ಒಳಗೂ ಬುದ್ಧತ್ವವಿದೆ ಎನ್ನುವ, ಮಹಾಯಾನದ ತಥಾಗತಗರ್ಭದ ಮಾತು ಮಾತ್ರ ಆತ್ಮವಾದಕ್ಕೆ ಬಹಳ ಹತ್ತಿರ ಬರುತ್ತದೆ. ನಿಮ್ಮ ಅನುಮಾನ ಸರಿಯಾಗಿ ತಾಗುವುದು ಅಲ್ಲಿಯೇ. ಮಹಾಯಾನದ್ದೇ ಆದ ಲಂಕಾವತಾರ ಸೂತ್ರದಲ್ಲಿ ಮಹಾಮತಿ ಬೋಧಿಸತ್ತ್ವನೂ ಹೀಗೆಯೇ ಕೇಳುತ್ತಾನೆ: ಸ್ವಭಾವದಿಂದ ಪ್ರಭಾಸ್ವರವಾದ ಈ ಗರ್ಭ ತೀರ್ಥಿಕರ, ಅಂದರೆ ಬೌದ್ಧರಲ್ಲದ ಬೇರೆ ಮತದವರ, ಆತ್ಮಕ್ಕಿಂತ ಹೇಗೆ ಬೇರೆ? ಇದು ಆತ್ಮವಲ್ಲ, ಶೂನ್ಯತೆಗೇ, ಅಂದರೆ ಯಾವುದಕ್ಕೂ ತನ್ನದೇ ಸ್ಥಿರ ಸ್ವಭಾವವಿಲ್ಲ ಎಂಬುದಕ್ಕೇ ಇಟ್ಟ ಹೆಸರು ಎನ್ನುತ್ತಾನೆ ಬುದ್ಧ. ‘ಆತ್ಮವಿಲ್ಲ’ ಎಂದೊಡನೆ ಹೆದರುವವರು ಹೆದರದಿರಲೆಂದು ಹೀಗೆ ಹೇಳಬೇಕಾಯಿತು ಎನ್ನುತ್ತಾನೆ.