ರೇಡಿಯೇಷನ್‌ನಿಂದಲೇ ಇನ್ನೊಂದು ಗಡ್ಡೆ ಬರುತ್ತಾ?

ಪ್ರಶ್ನೆ: ಮಗನಿಗೆ 4 ವರ್ಷವಿದ್ದಾಗ ಮೆದುಳಿನ ಕ್ಯಾನ್ಸರ್ ಗಡ್ಡೆಗೆ ಆಪರೇಷನ್, ರೇಡಿಯೇಷನ್ ಆಯಿತು. ಈಗ 12. ರೇಡಿಯೇಷನ್ನೇ ಮತ್ತೊಂದು ಗಡ್ಡೆ ತರುತ್ತದೆ ಎಂದು ನೆಂಟರು ಹೆದರಿಸುತ್ತಾರೆ. ನಿಜವೇ?
– ಒಬ್ಬ ತಾಯಿ, ಮಂಡ್ಯ

ಉತ್ತರ: ಸುಳ್ಳಲ್ಲ ಅಮ್ಮಾ, ಆದರೆ ಅಪರೂಪ. ಕಿರಣ ತಾಗಿದ ಒಳ್ಳೆಯ ಜೀವಕೋಶಗಳ ಡಿಎನ್‌ಎಗೂ ಪೆಟ್ಟು ಬೀಳಬಹುದು, ಅದು ವರ್ಷಗಳ ನಂತರ ಗಡ್ಡೆಯಾಗಿ ತಲೆ ಎತ್ತಬಹುದು: ಗ್ಲಿಯೋಮಾ (ಮೆದುಳಿನೊಳಗಿನ ಆಧಾರ ಕೋಶಗಳ ಗಡ್ಡೆ) ಆದರೆ ಹೆಚ್ಚಾಗಿ 5–10 ವರ್ಷಕ್ಕೆ, ಮೆನಿಂಜಿಯೋಮಾ (ಮೆದುಳಿನ ಹೊದಿಕೆಯ ಗಡ್ಡೆ) 15–20 ವರ್ಷ ಕಳೆದ ಮೇಲೂ. ವಯಸ್ಸು ಚಿಕ್ಕದಾದಷ್ಟೂ, ಡೋಸ್ ಜಾಸ್ತಿಯಾದಷ್ಟೂ ಅಪಾಯ ಹೆಚ್ಚು. ಹಾಗಂತ ರೇಡಿಯೇಷನ್ ಕೊಡಿಸಿದ್ದು ತಪ್ಪಲ್ಲ. ಮೊದಲ ಗಡ್ಡೆಯನ್ನು ಸುಮ್ನೆ ಬಿಟ್ಟಿದ್ದರೆ ಮಗು ಉಳಿಯುವುದೇ ಕಷ್ಟವಿತ್ತು, ಅಲ್ವಾ? ನೆಂಟರಿಗೆ ಅದನ್ನೂ ಹೇಳಿ. ಬೆಳಗಿನ ತಲೆನೋವು, ವಾಂತಿ, ಫಿಟ್ಸ್, ನಡಿಗೆ ತಪ್ಪುವುದು ಕಂಡರೆ ಕಾಯಬೇಡಿ, ಎಂಆರ್‌ಐಗೆ ಮೈಸೂರು ಸಾಕು. ಹಳೇ ಡೋಸ್ ವಿವರದ ಕಾಗದ ಜೋಪಾನ.