ಗವರ್ನರ್ ನೀತಿ ಹಿಡಿಸದಿದ್ದರೆ ಶಾಸಕರನ್ನು ಗೆಲ್ಲಿಸಿ ತಡೆಯಬಹುದಾ?

ಅಮೆರಿಕದ ಪೌರತ್ವ ಸಿಕ್ಕಿದೆ, ಗವರ್ನರ್ ಅವಧಿ ಇನ್ನೂ ಎರಡು ವರ್ಷ ಇದೆ, ಅಲ್ಲಿಯವರೆಗೆ ಸುಮ್ನೆ ಕೂರಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ಶಾಸಕರನ್ನು ಗೆಲ್ಲಿಸಿ ಗವರ್ನರ್ ಕೈ ಕಟ್ಟಬಹುದು. ನಮಗೆ ಬೇಕಾದ್ದನ್ನು ಮಾಡಿಸಿಕೊಳ್ಳುವುದು ಮಾತ್ರ ಬೇರೆ ಕಥೆ.

ಇಲ್ಲಿನ ಗವರ್ನರ್ ನಮ್ಮ ರಾಜಭವನದ ರಾಜ್ಯಪಾಲರಂತಲ್ಲ. ಜನರೇ ನೇರವಾಗಿ ಆರಿಸಿದ ಮುಖ್ಯಮಂತ್ರಿ ಅಂದುಕೊಳ್ಳಿ. ಸದನದಲ್ಲಿ ಬಹುಮತ ಹೋದರೂ ಕುರ್ಚಿ ಅಲ್ಲಾಡುವುದಿಲ್ಲ. ರೆಸಾರ್ಟ್ ಮಾಲೀಕರಿಗೆ ಇಲ್ಲಿ ವ್ಯಾಪಾರವಿಲ್ಲ.

ನಾನಿರುವ ವರ್ಜೀನಿಯಾದ್ದೇ ಹೇಳುತ್ತೇನೆ. 2021ರಲ್ಲಿ ರಿಪಬ್ಲಿಕನ್ ಪಕ್ಷದ ಗ್ಲೆನ್ ಯಂಗ್‌ಕಿನ್ ಗವರ್ನರ್ ಚುನಾವಣೆ ಗೆದ್ದರು. 2023ರಲ್ಲಿ ಎರಡೂ ಸದನಗಳ ಒಟ್ಟು 140 ಸೀಟಿಗೆ ಚುನಾವಣೆ ಬಂತು. 15 ವಾರ ದಾಟಿದ ಮೇಲೆ ಗರ್ಭಪಾತಕ್ಕೆ ಕೆಲವು ವಿನಾಯಿತಿ ಬಿಟ್ಟು ನಿರ್ಬಂಧ ತರಬೇಕು ಅನ್ನುವುದು ಯಂಗ್‌ಕಿನ್ ಅವರ ಯೋಜನೆಯಾಗಿತ್ತು. ಡೆಮಾಕ್ರಟರು ಅದನ್ನೇ ಹಿಡಿದು ಪ್ರಚಾರ ಮಾಡಿದರು. ನಾನೂ ಮನೆ ಮನೆಗೆ ಹೋಗಿದ್ದೆ. "ಅಯ್ಯೋ, ಈ ವರ್ಷ ಎಲೆಕ್ಷನ್ ಇದೆಯಾ?" ಅಂದವರೇ ಜಾಸ್ತಿ. ಅಧ್ಯಕ್ಷರ ಚುನಾವಣೆ ಇಲ್ಲದ ವರ್ಷ, ಅಲ್ವಾ?

ಫಲಿತಾಂಶ ಮೇಲ್ಮನೆಯಾದ ಸೆನೆಟ್‌ನಲ್ಲಿ 21-19, ಕೆಳಮನೆಯಲ್ಲಿ 51-49. ಕೂದಲೆಳೆ ಅಂತರವೇ, ಆದರೂ ಎರಡೂ ಸದನ ಡೆಮಾಕ್ರಟರ ಕೈಗೆ ಬಂದವು. 15 ವಾರದ ಮಾತು ಅಲ್ಲಿಗೇ ನಿಂತಿತು. ಮರುವರ್ಷ ಅಲೆಕ್ಸಾಂಡ್ರಿಯಾದಲ್ಲಿ ಭಾರಿ ಕ್ರೀಡಾಂಗಣ ಕಟ್ಟಿಸುವ ಯಂಗ್‌ಕಿನ್ ಅವರ ಆಸೆಯೂ ಸೆನೆಟ್‌ನಲ್ಲೇ ಮುಗ್ಗರಿಸಿತು. ಹಣಕಾಸು ಸಮಿತಿಯ ಅಧ್ಯಕ್ಷೆ ಲೂಯಿಸ್ ಲೂಕಸ್ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಒಂದು ವೋಟಿನಿಂದ ಏನಾಗುತ್ತೆ ಅನ್ನುವವರಿಗೆ ನಾನು ಹೇಳುವುದು ಇಲ್ಲಿನ ನ್ಯೂಪೋರ್ಟ್ ನ್ಯೂಸ್ ಕ್ಷೇತ್ರದ ಕಥೆ. 2017ರ ಚುನಾವಣೆಯಲ್ಲಿ ಇಬ್ಬರಿಗೂ ತಲಾ 11,608 ಮತ. ಕೊನೆಗೆ ಬಟ್ಟಲಿನಿಂದ ಚೀಟಿ ಎತ್ತಿದರು. ಚೀಟಿ ರಿಪಬ್ಲಿಕನ್ ಅಭ್ಯರ್ಥಿಗೆ ಬಂತು, ಕೆಳಮನೆಯ ಬಹುಮತವೂ ಅದರಲ್ಲೇ ಉಳಿಯಿತು.

ಇನ್ನು ಬೇಸರದ ಭಾಗ. ಕನಿಷ್ಠ ಕೂಲಿಯನ್ನು ಗಂಟೆಗೆ 15 ಡಾಲರ್‌ಗೆ ಏರಿಸುವ ಮಸೂದೆ 2024ರಲ್ಲಿ ಎರಡೂ ಸದನಗಳಲ್ಲಿ ಪಾಸಾಯಿತು. ಯಂಗ್‌ಕಿನ್ ವೀಟೊ ಹಾಕಿದರು, ಅಂದರೆ ಮಸೂದೆಯನ್ನು ತಿರಸ್ಕರಿಸಿದರು. ಇಲ್ಲಿ ಅದನ್ನು ಮೀರಲು ಮೂರರಲ್ಲಿ ಎರಡು ಪಾಲು ಮತ ಬೇಕು. 51 ಇಟ್ಟುಕೊಂಡು ಏನು ಮಾಡೋದು?

ಹಾಗಾಗಿ ನಿಮ್ಮ ರಾಜ್ಯದಲ್ಲಿ ಈ ಲೆಕ್ಕ ಎಷ್ಟಿದೆ ಅಂತ ಮೊದಲು ನೋಡಿ. ನಾರ್ತ್ ಕ್ಯಾರೊಲಿನಾದಲ್ಲಿ ಐದರಲ್ಲಿ ಮೂರು ಪಾಲು ಸಾಕು. ಕೆಂಟಕಿಯಲ್ಲಂತೂ ಬರೀ ಬಹುಮತ ಸಾಕು. ಅಲ್ಲಿನ ಡೆಮಾಕ್ರಟಿಕ್ ಗವರ್ನರ್ ಆಂಡಿ ಬೆಷೀರ್ ವೀಟೊ ಹಾಕುತ್ತಾರೆ, ರಿಪಬ್ಲಿಕನ್ ಶಾಸಕರು ಅದನ್ನು ಪಕ್ಕಕ್ಕಿಟ್ಟು ಮುಂದೆ ಹೋಗುತ್ತಾರೆ.